ಕಿಟಕಿಯಲ್ಲಿ ಒಂದು ಮೊಹರು ಇಡಿ: ರಾಜ್ಯದ ವಿಶ್ವವಿದ್ಯಾಲಯಗಳ ಕುಲಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕುಲಸಚಿವರೆ,

ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವಳು. 2024ರಲ್ಲಿ ಅರ್ಥಶಾಸ್ತ್ರ ಎಂಎಗೆ ಸೇರಿದೆ. ಯಾವ ವಿಶ್ವವಿದ್ಯಾಲಯ ಅಂತ ಇಲ್ಲಿ ಬರೆಯುವುದಿಲ್ಲ. ನನಗಿಂತ ಕಿರಿಯರು ವಿದ್ಯಾರ್ಥಿವೇತನ ಏಕೆ ಬಂದಿಲ್ಲ ಅಂತ ಕೇಳಲು ಇನ್ನೂ ಅದೇ ಕಿಟಕಿಯ ಮುಂದೆ ನಿಲ್ಲುತ್ತಿದ್ದಾರೆ, ಅವರಿಗೆ ನನ್ನಿಂದ ತೊಂದರೆ ಆಗಬಾರದು. ಅದೂ ಅಲ್ಲದೆ ಬೇರೆ ಊರುಗಳಲ್ಲಿ ಓದುವ ಗೆಳತಿಯರಿಗೆ ನನ್ನ ಪಾಡು ಹೇಳಿದಾಗ ಒಬ್ಬೊಬ್ಬರೂ "ನಮ್ಮಲ್ಲೂ ಹಂಗೇ ಐತಿ" ಅಂದರು. ಅದಕ್ಕೇ ಈ ಪತ್ರವನ್ನು ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಆಡಳಿತ ಭವನದ ನೆಲಮಹಡಿಯಲ್ಲಿ ವಿದ್ಯಾರ್ಥಿವೇತನ ವಿಭಾಗ ಅಂತ ಒಂದು ಕೋಣೆ. ಒಳಗೆ ನಮ್ಮನ್ನು ಬಿಡುವುದಿಲ್ಲ. ಕಾರಿಡಾರಿನ ಕಡೆಗೆ ಒಂದು ಕಿಟಕಿ ಇದೆ, ಸರಳುಗಳ ಕೆಳಗೆ ಕೈ ತೂರುವಷ್ಟು ಜಾಗ ಇದೆ. ಕಿಟಕಿ ನನ್ನ ಎದೆಮಟ್ಟಕ್ಕಿಂತ ಕೆಳಗಿರುವುದರಿಂದ ಒಳಗಿನವರ ಮುಖ ನೋಡಿ ಮಾತಾಡಬೇಕೆಂದರೆ ಬಗ್ಗಬೇಕು. ಎಡಗಡೆಯ ಸರಳು ಕೈ ತಾಗಿ ತಾಗಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತದೆ. ನಾನೂ ಅದನ್ನೇ ಹಿಡಿದು ಹನ್ನೊಂದು ಸಲ ಬಗ್ಗಿದ್ದೇನೆ. ಹನ್ನೊಂದು ಅಂತ ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಪ್ರತಿ ಸಲವೂ ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ, ಅವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಡಿಸೆಂಬರ್ 3, ಸರ್ವರ್ ಇಲ್ಲ, ನಾಳೆ ಬಾ. ಡಿಸೆಂಬರ್ 4, ಮೇಡಂ ರಜೆ. ಜನವರಿ 7, ಪೆಂಡಿಂಗ್ ಐತಿ. ಜನವರಿ 21, ಪೆಂಡಿಂಗ್ ಐತಿ, ಇಲಾಖೆಯಲ್ಲಿ ಕೇಳು. ಫೆಬ್ರವರಿ 12, ನಿಂದು ಯಾವ ಡಿಪಾರ್ಟ್‌ಮೆಂಟು, ಮತ್ತೆ ಜೆರಾಕ್ಸ್ ತಾ.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಆದರೆ ಅದು ನನ್ನ ಕೈಬರಹ. ಅದೇ ಅವಧಿಯಲ್ಲಿ ನಿಮ್ಮ ಕಚೇರಿಯಿಂದ ನನ್ನ ಕೈಗೆ ಬಂದ ಬರವಣಿಗೆ ಒಂದು ಸಾಲೂ ಇಲ್ಲ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಪ್ರವೇಶದ ದಿನದಿಂದ ಹೇಳುತ್ತೇನೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿ ಮೀರಬಾರದು. ನಮ್ಮ ಮನೆಯ ಆದಾಯ ಅದರ ಹತ್ತಿರಕ್ಕೂ ಬರುವುದಿಲ್ಲ. ಅಪ್ಪ ತೀರಿಕೊಂಡು ಆರು ವರ್ಷ. ಅವ್ವ ಹತ್ತಿ ಬಿಡಿಸಲು, ನೆಲ್ಲಿನ ನಾಟಿಗೆ ಹೋಗುತ್ತಾಳೆ, ಹೊಲದ ಕೆಲಸ ಇಲ್ಲದ ತಿಂಗಳಲ್ಲಿ ಉದ್ಯೋಗ ಖಾತ್ರಿಗೆ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬ ಏರ್ಪಾಡು ಇದೆ. ಅರ್ಹ ವಿದ್ಯಾರ್ಥಿಗೆ ಆ ಕಾರ್ಡ್ ಸಿಕ್ಕರೆ ಪ್ರವೇಶದ ಹೊತ್ತಿಗೆ ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕ ಕಟ್ಟಬೇಕಿಲ್ಲ, ವಿದ್ಯಾರ್ಥಿವೇತನ ಖಾತೆಗೆ ಜಮೆಯಾದ ಮೇಲೆ ಸಂಸ್ಥೆಗೆ ಕಟ್ಟಿದರಾಯಿತು. ಹಾಸ್ಟೆಲಿನ ಅಕ್ಕ ಒಬ್ಬರು ಇದನ್ನು ಹೇಳಿಕೊಟ್ಟಿದ್ದರು. ಪ್ರವೇಶದ ಕೌಂಟರಿನಲ್ಲಿ ಕೇಳಿದೆ. "ಅದೆಲ್ಲ ಇಲ್ಲಿ ಇಲ್ಲಮ್ಮ, ಚಲನ್ ಕಟ್ಟಿ ಬಾ, ಆಮ್ಯಾಲೆ ವಾಪಸ್ ಬರ್ತದ" ಅಂದರು.

ಚಲನ್ 9,200 ರೂಪಾಯಿಯದು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ. ಉಪ್ಪು, ಎಣ್ಣೆ, ಔಷಧಿ ಯಾವುದಕ್ಕೂ ಮುಟ್ಟದೆ ಇಟ್ಟರೆ 26 ದಿನದ ದುಡಿಮೆ, ಮೇಲೆ ಇನ್ನಷ್ಟು. ಅವ್ವ ಸಂಘದಲ್ಲಿ ಹತ್ತು ಸಾವಿರ ಎತ್ತಿದಳು. ಸಂಘದ ಕಂತು ಪ್ರತಿ ಸೋಮವಾರ. ನನ್ನ ಅರ್ಜಿ ಎಷ್ಟು ವಾರ ನಿಂತಲ್ಲೇ ನಿಂತಿತೋ ಅಷ್ಟು ಕಂತುಗಳು ಅವಳ ಕೂಲಿಯಲ್ಲೇ ಹೋದವು. "ಆಮೇಲೆ" ಅಂತ ಕೌಂಟರಿನಲ್ಲಿ ಹೇಳಿದ ಮಾತಿಗೆ ತಾರೀಖು ಇರಲಿಲ್ಲ.

ಅರ್ಜಿ ಹಾಕುವುದು ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ, ಅದು ನಿಮಗೆ ಗೊತ್ತಿರುವುದೇ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರಿಗೆ ಓಟಿಪಿ ಬರಬೇಕು, ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ತಾಳೆ ಆಗಬೇಕು, ದಾಖಲೆಗಳು ವಿಭಾಗದಲ್ಲಿ ಇ-ದೃಢೀಕರಣ ಆಗಬೇಕು, ಆಮೇಲೆ ಅರ್ಜಿ, ಆಮೇಲೆ ಇಲಾಖೆಯ ಪರಿಶೀಲನೆ. ನನ್ನ ಜೊತೆಯ ಹುಡುಗಿಯೊಬ್ಬಳ ಹೆಸರು ಅಂಕಪಟ್ಟಿಯಲ್ಲಿ ಬಸಮ್ಮ, ಆಧಾರ್‌ನಲ್ಲಿ ಬಸವ್ವ. ಅದನ್ನು ಸರಿಪಡಿಸುವುದಕ್ಕೇ ಅವಳಿಗೆ ಒಂದೂವರೆ ತಿಂಗಳು ಹಿಡಿಯಿತು. ನನಗೆ ಆ ತೊಡಕು ಇರಲಿಲ್ಲ. ನವೆಂಬರಿನಲ್ಲೇ ಅರ್ಜಿ ಸಲ್ಲಿಸಿ ಪ್ರಿಂಟ್ ತೆಗೆದಿಟ್ಟೆ.

ಅಲ್ಲಿಂದ ತಿರುಗಾಟ ಶುರುವಾಯಿತು. ಕಿಟಕಿಯಲ್ಲಿ "ಇಲಾಖೆಯಲ್ಲಿ ಕೇಳು" ಅಂದರು ಅಂತ ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿ "ನಿಮ್ಮ ಯೂನಿವರ್ಸಿಟಿ ಕಡೆಯಿಂದ ಆಗಬೇಕು" ಅಂದರು. ಬ್ಯಾಂಕಿಗೆ ಹೋದೆ, "ನಮ್ಮ ಕಡೆ ಏನೂ ಇಲ್ಲ, ಕಾಲೇಜಿನಾಗ ಕೇಳ್ರಿ" ಅಂದರು. ಶಕ್ತಿ ಯೋಜನೆ ಬಂದ ಮೇಲೆ ನಮಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ಅದರ ಉಪಕಾರ ಮರೆಯುವಂಥದ್ದಲ್ಲ. ಆದರೆ ಹೋದ ದಿನಗಳು ವಾಪಸ್ ಬರಲಿಲ್ಲ. ಕಿಟಕಿ ತೆರೆಯುವುದು ಹನ್ನೊಂದಕ್ಕೆ, ಊಟದ ಹೊತ್ತಿಗೆ ಮುಚ್ಚುತ್ತದೆ, ನಮ್ಮ ತರಗತಿಗಳು ಇರುವುದೂ ಅದೇ ಹೊತ್ತಿನಲ್ಲಿ. ಎಕನಾಮೆಟ್ರಿಕ್ಸ್ ಪಾಠದ ಎಷ್ಟು ತರಗತಿ ಆ ಕಾರಿಡಾರಿನಲ್ಲಿ ಕಳೆದುಹೋದವೋ, ಪರೀಕ್ಷೆಯ ಹಿಂದಿನ ರಾತ್ರಿ ಇನ್ನೊಬ್ಬರ ನೋಟ್ಸ್ ನೋಡಿ ಬರೆದುಕೊಳ್ಳುವಾಗ ನನಗೆ ಗೊತ್ತಾಯಿತು.

ಮೂರು ಕಡೆಯಲ್ಲೂ ಯಾರೂ ನನ್ನನ್ನು ಬೈಯಲಿಲ್ಲ. ಇದನ್ನು ಹೇಳಲೇಬೇಕು. ಆದರೆ ಮೂವರೂ ಬಾಯಿಮಾತಿನಲ್ಲೇ ಹೇಳಿದರು. ಬಾಯಿಮಾತನ್ನು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ತೆಗೆದುಕೊಂಡು ಹೋಗಲು ಬರುವುದಿಲ್ಲ. "ಅವರು ಹಿಂಗಂದ್ರು ಸರ್" ಅಂದರೆ "ಯಾರಂದ್ರು? ಬರಸ್ಕೊಂಡ್ ಬಾ" ಅನ್ನುತ್ತಾರೆ. ಬರೆಸಿಕೊಳ್ಳಲು ಹೋದರೆ ಬರೆದುಕೊಡುವವರು ಇಲ್ಲ.

ಮಾರ್ಚ್ 10ರಂದು, ಹತ್ತನೇ ಸಲ, ಕಿಟಕಿಯಿಂದ ಈಚೆ ಬಂದು ಮೆಟ್ಟಿಲ ಮೇಲೆ ಕೂತಿದ್ದೆ. ಫೈಲುಗಳನ್ನು ಹೊತ್ತು ಓಡಾಡುವ ಜವಾನ ಕಾಕಾ ಒಬ್ಬರು ಬಂದು ಪಕ್ಕದಲ್ಲಿ ನಿಂತರು. "ಯಾಕವ್ವ, ದಿನಾ ಬರ್ತಿ?" ಅಂದರು. ಹೇಳಿದೆ. "ಕಿಟಕ್ಯಾಗ ಹೇಳಿದ್ದು ಗಾಳಿಗೆ ಹೋಕೈತಿ. ಒಂದು ಅರ್ಜಿ ಬರಿ, ಟಪಾಲಿನ್ಯಾಗ ಕೊಡು, ಇನ್ನೊಂದು ಪ್ರತಿ ಮ್ಯಾಲ ಸಿಕ್ಕಾ ಹಾಕಸ್ಕೋ. ಸಿಕ್ಕಾ ಇಲ್ದ ಎದ್ದು ಬರಬ್ಯಾಡ" ಅಂದರು. ಟಪಾಲು ಶಾಖೆ ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ. ಮೇಲಿನ ಮಹಡಿಯ ಮೂಲೆಯಲ್ಲಿತ್ತು. ಅರ್ಧ ಹಾಳೆಯಲ್ಲಿ ಬರೆದೆ: ನನ್ನ ಅರ್ಜಿ ಸಂಖ್ಯೆ ಇದು, ನವೆಂಬರಿನಿಂದ ಬಾಕಿ ಇದೆ, ಯಾವ ಕಾರಣಕ್ಕೆ, ಯಾರ ಬಳಿ ಬಾಕಿ ಇದೆ ಎಂದು ಲಿಖಿತವಾಗಿ ತಿಳಿಸಬೇಕು. ಅಲ್ಲಿದ್ದವರು ರಿಜಿಸ್ಟರಿನಲ್ಲಿ ಏರಿಸಿ, ನನ್ನ ಪ್ರತಿಯ ಮೇಲೆ ನೇರಳೆ ಬಣ್ಣದ ಮೊಹರು ಒತ್ತಿ, ಇನ್‌ವರ್ಡ್ ನಂಬರ್ ಬರೆದು, ತಾರೀಖು ಹಾಕಿ, ಸಣ್ಣ ಸಹಿ ಮಾಡಿದರು. ಎರಡು ನಿಮಿಷದ ಕೆಲಸ. ಮಸಿ ಇನ್ನೂ ಹಸಿಯಾಗಿತ್ತು, ಹೆಬ್ಬೆರಳಿಗೆ ಹತ್ತಿತು. ನಾಲ್ಕು ತಿಂಗಳಲ್ಲಿ ಆ ಕಟ್ಟಡದಲ್ಲಿ ನಾನು ಬಂದಿದ್ದೆ ಎಂಬುದಕ್ಕೆ ಸಿಕ್ಕ ಮೊದಲ ಗುರುತು ಅದು.

ಹನ್ನೊಂದನೇ ಸಲ ಹೋಗುವ ಹೊತ್ತಿಗೆ, ಅಂದರೆ ಒಂಬತ್ತು ದಿನಕ್ಕೆ, ಕಾರಣ ಸಿಕ್ಕಿತ್ತು. ನಮ್ಮ ಕೋರ್ಸಿನ ಶುಲ್ಕದ ವಿವರವನ್ನು ವಿಶ್ವವಿದ್ಯಾಲಯದ ಲಾಗಿನ್‌ನಿಂದ ದೃಢಪಡಿಸುವುದು ಉಳಿದುಹೋಗಿತ್ತು. ನನ್ನೊಬ್ಬಳದಲ್ಲ, ನಮ್ಮ ತರಗತಿಯಲ್ಲಿ ಅರ್ಜಿ ಹಾಕಿದ ಅಷ್ಟೂ ಜನರದು ಅದೇ ಕಾರಣಕ್ಕೆ ನಿಂತಿತ್ತು. ಎಲ್ಲರೂ ಬೇರೆ ಬೇರೆ ದಿನ ಬಂದು ಕಿಟಕಿಯಲ್ಲಿ ಬಗ್ಗಿ "ಪೆಂಡಿಂಗ್" ಎಂಬ ಮಾತು ಕೇಳಿಕೊಂಡು ಹೋಗಿದ್ದೆವು. ತಪ್ಪು ನಮ್ಮದೇ ಇರಬೇಕು, ಯಾವುದೋ ದಾಖಲೆ ಸರಿ ಇಲ್ಲ ಅಂತ ಒಬ್ಬೊಬ್ಬರೂ ಒಳಗೊಳಗೇ ಅಂದುಕೊಂಡಿದ್ದೆವು. ಗೆಳೆಯನೊಬ್ಬ ಹೊಸದಾಗಿ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡು ಬಂದಿದ್ದ, ಹಳೆಯದರ ಅವಧಿ ಇನ್ನೂ ಇತ್ತು. ಮೊದಲು ಬಂದವರ ದೂರನ್ನು ಡಿಸೆಂಬರಿನಲ್ಲಿ ಯಾರಾದರೂ ಒಂದು ಪುಸ್ತಕದಲ್ಲಿ ಬರೆದಿದ್ದರೆ, ಐದನೆಯವರು ಬರುವಷ್ಟರಲ್ಲಿ ಇವರೆಲ್ಲ ಒಂದೇ ತರಗತಿಯವರು ಅಂತ ಕಣ್ಣಿಗೆ ಬೀಳುತ್ತಿತ್ತು. ಬರೆಯದ ಕಾರಣಕ್ಕೆ ನಿಮ್ಮ ಕಚೇರಿಗೂ ತನ್ನ ತಪ್ಪು ಕಾಣಲಿಲ್ಲ.

ಅಷ್ಟಾದರೂ ಹಣ ಬರಲಿಲ್ಲ. ಮಂಜೂರಾಗಿದೆ, ಜಮೆ ಆಗಿದೆ ಅಂತ ಪೋರ್ಟಲ್ ತೋರಿಸುತ್ತದೆ, ನನ್ನ ಪಾಸ್‌ಬುಕ್ಕಿನಲ್ಲಿ ಇಲ್ಲ. ಇದನ್ನು ಓದುವ ವಿದ್ಯಾರ್ಥಿಗಳಿಗಾಗಿಯೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ವಿದ್ಯಾರ್ಥಿವೇತನ ನಾವು ಬರೆದುಕೊಟ್ಟ ಖಾತೆ ನಂಬರಿಗೆ ಬರುತ್ತದೆ ಅಂತ ನಾವು ತಿಳಿದಿರುತ್ತೇವೆ. ಅದು ಆಧಾರ್ ಮೂಲಕ ಬರುವ ಹಣ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ಸಿಮ್ ತೆಗೆದುಕೊಳ್ಳುವಾಗ ಅಂಗಡಿಯವನು ಬೆರಳು ಇಡಿಸಿಕೊಂಡಿದ್ದ. ಆಗ ನನ್ನ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ಆಧಾರ್ ಅದಕ್ಕೆ ಜೋಡಣೆ ಆಗಿತ್ತು. ಹಣ ಅಲ್ಲಿ ಕೂತಿತ್ತು. ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಆಗಿದೆಯಾ" ಅಂತಷ್ಟೇ ಕೇಳಬೇಡಿ, ಹೌದು ಅಂತಾರೆ. "ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಇದೆ" ಅಂತ ಕೇಳಿ. ಇಷ್ಟೇ ಮಾತನ್ನು ಒಂದು ಹಾಳೆಯಲ್ಲಿ ಬರೆದು ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಲು ನಿಮಗೆ ಸಾಧ್ಯವಿಲ್ಲವೆ, ಕುಲಸಚಿವರೆ? ಆ ಗೋಡೆಯ ಮೇಲೆ ಈಗ "ಅನವಶ್ಯಕವಾಗಿ ವಿಚಾರಿಸಬಾರದು" ಅಂತ ಇದೆ.

ಹಣದಲ್ಲೂ ಎರಡು ಪಾಲು. ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ಎರಡೂ ಒಟ್ಟಿಗೆ ಬರುವುದಿಲ್ಲ. "ಸ್ಟೇಟ್ ಶೇರ್ ಬಂತು, ಸೆಂಟ್ರಲ್ ಶೇರ್ ಬಂದಿಲ್ಲ" ಎಂಬುದು ನಮ್ಮ ಹಾಸ್ಟೆಲಿನಲ್ಲಿ ದಿನಾ ಕೇಳುವ ಮಾತು. ಇದು ನಿಮ್ಮ ಕೈಯಲ್ಲಿಲ್ಲ ಎಂಬುದು ನನಗೆ ಗೊತ್ತು. ಸರ್ಕಾರ ತಡಮಾಡಿದರೆ ನೀವೇನು ಮಾಡುತ್ತೀರಿ? ಆದರೆ ಸರ್ಕಾರದ ತಡವನ್ನು ವಿದ್ಯಾರ್ಥಿಯ ತಲೆಯ ಮೇಲೆ ಹೊರಿಸದೆ ಇರುವುದು ನಿಮ್ಮ ಕೈಯಲ್ಲಿದೆ. ನನ್ನ ತರಗತಿಯಲ್ಲಿ ಒಬ್ಬ ಅಣ್ಣ ಇದ್ದಾರೆ, ರಜೆಯಲ್ಲಿ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ. ಶುಲ್ಕದ ಬಾಕಿ ಇದೆ ಅಂತ ಎರಡನೇ ಸೆಮಿಸ್ಟರಿನ ಹಾಲ್ ಟಿಕೆಟ್ ತಡೆಹಿಡಿದರು. ಬಾಕಿ ಏಕೆಂದರೆ ವಿದ್ಯಾರ್ಥಿವೇತನ ಬಂದಿಲ್ಲ. ವಿದ್ಯಾರ್ಥಿವೇತನ ಏಕೆ ಬಂದಿಲ್ಲ ಎಂದರೆ ನಿಮ್ಮದೇ ಲಾಗಿನ್‌ನಲ್ಲಿ ವಿವರ ದೃಢಪಟ್ಟಿದ್ದು ಮಾರ್ಚ್ ಮುಗಿಯುವಾಗ. ನಮ್ಮ ಪ್ರಾಧ್ಯಾಪಕರು ತಾವೇ ಹೋಗಿ "ನಾನು ಜವಾಬ್ದಾರಿ" ಅಂತ ಬರೆದುಕೊಟ್ಟ ಮೇಲೆ ಅವರನ್ನು ಪರೀಕ್ಷೆಗೆ ಕೂರಿಸಿದರು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿಹೋಗಿತ್ತು. ಬಾಗಿಲಲ್ಲಿ ನಿಂತಿದ್ದ ಆ ಅಣ್ಣನ ಕೈಯಲ್ಲಿ ಎರಡು ಪೆನ್ನು ಇದ್ದವು. ನಾನು ಮೊದಲ ಪ್ರಶ್ನೆಗೆ ಉತ್ತರ ಬರೆಯುತ್ತ ತಲೆ ಎತ್ತಿದಾಗಲೆಲ್ಲ ಅದೇ ಕಾಣುತ್ತಿತ್ತು.

ಕಿಟಕಿಯ ಒಳಗಿರುವ ಮೇಡಂ ಬಗ್ಗೆ ಎರಡು ಮಾತು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಅವರು ಹೊರಗುತ್ತಿಗೆಯವರು. ಒಂದು ದಿನ ಜನ ಕಡಿಮೆ ಇದ್ದಾಗ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಒಂದೊಂದು ಇಲಾಖೆಯ ಕೆಲಸವೂ ಅವರೊಬ್ಬರದೇ. ವಿದ್ಯಾಸಿರಿ ಯೋಜನೆಯ ಹಣ ಬಂದಿಲ್ಲ ಅಂತ ಒಬ್ಬರು, ಕಟ್ಟಡ ಕಾರ್ಮಿಕರ ಮಂಡಳಿಯ ಸಹಾಯಧನಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು ಅಂತ ಇನ್ನೊಬ್ಬರು, ಎಲ್ಲರೂ ಅದೇ ಕಿಟಕಿಗೆ. "ನನಗೂ ಮೂರು ತಿಂಗಳಿಂದ ಪಗಾರ ಆಗಿಲ್ಲಮ್ಮ" ಅಂದರು. ಆ ಕಿಟಕಿಯ ಎರಡೂ ಕಡೆ ಹಣಕ್ಕಾಗಿ ಕಾಯುವವರೇ ಇದ್ದೇವೆ ಅಂತ ಅವತ್ತು ತಿಳಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ಪತ್ರ ಓದಿ ಅವರಿಗೆ ನೋಟಿಸ್ ಕೊಡುವುದಾದರೆ, ದಯವಿಟ್ಟು ಅದನ್ನು ಮಾಡಬೇಡಿ. ಸಾಧ್ಯವಾದರೆ ಅವರ ಪಕ್ಕಕ್ಕೆ ಇನ್ನೊಂದು ಕುರ್ಚಿ ಹಾಕಿಸಿ, ಇಬ್ಬರಿಗೂ ತಿಂಗಳಿಗೆ ಸರಿಯಾಗಿ ಸಂಬಳ ಕೊಡಿಸಿ.

ನಾನು ಕೇಳುವುದು ಇಷ್ಟು. ಕಿಟಕಿಗೆ ಬಂದ ಪ್ರತಿ ವಿದ್ಯಾರ್ಥಿಯ ದೂರನ್ನು ಒಂದು ರಿಜಿಸ್ಟರಿನಲ್ಲಿ ಬರೆದುಕೊಂಡು, ನಂಬರು, ತಾರೀಖು ಇರುವ ಸ್ವೀಕೃತಿ ಕೊಡಿ. ಮೊಹರು ಟಪಾಲು ಶಾಖೆಯ ಮೂಲೆಯಲ್ಲಿ ಮಾತ್ರ ಯಾಕೆ ಇರಬೇಕು, ಕಿಟಕಿಯಲ್ಲೂ ಒಂದು ಇರಲಿ. ಬಾಕಿ ಇದ್ದರೆ ಯಾರ ಬಳಿ, ಯಾವ ಕಾರಣಕ್ಕೆ ಅಂತ ಬರೆದುಕೊಡಿ, ಒಂದು ಸಾಲು ಸಾಕು. ಆ ಚೀಟಿ ಹಿಡಿದು ನಾವು ಇಲಾಖೆಗೆ, ಬ್ಯಾಂಕಿಗೆ ಹೋಗುತ್ತೇವೆ, ಅಲ್ಲಿ ನಮ್ಮ ಮಾತಿಗೆ ಒಂದು ಬಲ ಬರುತ್ತದೆ. ಎಸ್‌ಎಸ್‌ಪಿಯಲ್ಲಿ ಅರ್ಜಿ ಜೀವಂತ ಇರುವವರೆಗೆ ಶುಲ್ಕದ ಹೆಸರಿನಲ್ಲಿ ಯಾರ ಹಾಲ್ ಟಿಕೆಟನ್ನೂ ತಡೆಯುವುದಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಫ್ರೀಶಿಪ್ ಕಾರ್ಡಿನ ವಿಷಯ ಪ್ರವೇಶದ ಕೌಂಟರಿನವರಿಗೆ ತಿಳಿಸಿ. ಆಗುವುದಿಲ್ಲ ಎನ್ನುವುದಾದರೆ ಅದನ್ನೂ ಬರೆದುಕೊಡಲಿ.

ಇದು ಹೊಸ ಕಲ್ಪನೆ ಏನಲ್ಲ. ಇದೇ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ 15 ಅಂಕಿಯ ನಂಬರ್ ಇರುವ ಚೀಟಿ ಕೈಗೆ ಬಂತು. ಯಾವ ತಾರೀಖಿಗೆ ಸಿಗಬೇಕು ಅಂತ ಅದರಲ್ಲೇ ಇತ್ತು. ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಸಿಗಬೇಕು ಎನ್ನುವ ಈ ಸಕಾಲ ಕಾಯ್ದೆ 2011ರದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ, ಅರ್ಜಿದಾರರಿಗೆ ಕೊಡಬೇಕು ಅಂತ ಅದರಲ್ಲಿದೆ. ಓದು ಬರಹ ಬಾರದ ನಮ್ಮವ್ವ ಆ ಚೀಟಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದಳು, ಅದರ ಬೆಲೆ ಅವಳಿಗೆ ಗೊತ್ತು. ನಾಡಕಚೇರಿಯಲ್ಲಿ ಆಗುವ ಕೆಲಸ ವಿಶ್ವವಿದ್ಯಾಲಯದಲ್ಲಿ ಆಗುವುದಿಲ್ಲವೆ? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ 30 ದಿನ ಕಾಯ್ದರೆ ನಮಗೂ ಉತ್ತರ ಸಿಗುತ್ತದೆ, ಅದು ನನಗೆ ಗೊತ್ತಿದೆ. ಆದರೆ ನನ್ನದೇ ಅರ್ಜಿ ಎಲ್ಲಿದೆ ಅಂತ ನನ್ನದೇ ವಿಶ್ವವಿದ್ಯಾಲಯದಿಂದ ತಿಳಿಯಲು ಕಾಯ್ದೆ ಹಿಡಿದುಕೊಂಡು ಬರುವಂತೆ ಆಗಬಾರದು.

ನಮ್ಮ ಗ್ರಂಥಾಲಯದ ಓದುವ ಕೋಣೆಯಲ್ಲಿ ಬಾಬಾಸಾಹೇಬರ ಭಾವಚಿತ್ರ ಇದೆ. 1913ರಲ್ಲಿ ಅವರು ಅಮೆರಿಕಕ್ಕೆ ಓದಲು ಹೊರಟಾಗ ಬರೋಡಾದ ಸಯ್ಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ವಿದ್ಯಾರ್ಥಿವೇತನ ಕೊಟ್ಟರು. ಅದಕ್ಕೆ ಒಪ್ಪಂದ ಪತ್ರ ಇತ್ತು, ಅವರು ಸಹಿ ಹಾಕಿದ್ದರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕು ಅಂತ ಅದರಲ್ಲಿತ್ತು. ವಿದ್ಯಾರ್ಥಿವೇತನದ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮತ್ತೆ ಅಲ್ಲಿಗೆ ಹೋಗಲು 1920ರವರೆಗೆ ಕಾಯಬೇಕಾಯಿತು. ಹಣ ನಿಂತರೆ ಅಂಥವರ ಓದೂ ನಿಲ್ಲುತ್ತದೆ. ಆದರೆ ಎಷ್ಟು ಬರುತ್ತದೆ, ಎಲ್ಲಿಯವರೆಗೆ ಬರುತ್ತದೆ, ತನ್ನಿಂದ ಏನು ಬಯಸುತ್ತಾರೆ ಎಂಬುದು ಅವರ ಕೈಯಲ್ಲಿ ಬರವಣಿಗೆಯಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ, 1944ರಲ್ಲಿ, ಶುರುವಾದ ಯೋಜನೆ ನಾನು ಪಡೆಯುತ್ತಿರುವ ಈ ವಿದ್ಯಾರ್ಥಿವೇತನ. ಅದನ್ನು ಪಡೆಯುವವಳಾಗಿ ನಾನು ಕೈಯಲ್ಲಿ ಚೀಟಿಯೂ ಇಲ್ಲದೆ ಕಿಟಕಿಯಲ್ಲಿ ಬಗ್ಗಿ ನಿಂತಾಗ, ಇದು ನನ್ನ ಹಕ್ಕು ಅಂತ ಗೊತ್ತಿದ್ದರೂ ಬೇಡುವವರ ಹಾಗೆ ಧ್ವನಿ ಸಣ್ಣದಾಗುತ್ತಿತ್ತು. ಮೊಹರು ಬಿದ್ದ ಪ್ರತಿ ಕೈಯಲ್ಲಿ ಹಿಡಿದು ಹೋದ ದಿನ ನನ್ನ ಧ್ವನಿ ಬೇರೆ ಇತ್ತು.

ನನ್ನ ತಂಗಿ ಈಗ ಬಿಎ ಕೊನೆಯ ವರ್ಷದಲ್ಲಿದ್ದಾಳೆ. ಅಕ್ಕನ ಹಾಗೆ ಎಂಎ ಮಾಡುತ್ತೇನೆ ಅಂತಾಳೆ. ಸಂಘದ ಸಾಲದ ಕೊನೆಯ ಕಂತನ್ನು ಅವ್ವ ಮೊನ್ನೆಯಷ್ಟೇ ಕಟ್ಟಿದಳು. ಫೋನಿನಲ್ಲಿ ಕೇಳಿದಳು, "ಸಣ್ಣಾಕಿಗೂ ಮೊದ್ಲ ರೊಕ್ಕ ಕಟ್ಟಬೇಕೇನವ್ವ? ಹಂಗಿದ್ರ ಈಗ್ಲೇ ಸಂಘದಾಗ ಹೇಳಿಡತೀನಿ." ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಏನು ಹೇಳಬೇಕು ಅಂತ ನೀವು ತಿಳಿಸಬೇಕು, ಕುಲಸಚಿವರೆ. ಬರೆದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಅರ್ಥಶಾಸ್ತ್ರ ಎಂಎ ವಿದ್ಯಾರ್ಥಿನಿ